ಆರೋಗ್ಯದ ಹೊಸ ಗೀಳುಗಳು: ಯಾವುದನ್ನು ಬಿಡಲಿ, ಯಾವುದನ್ನು ಉಳಿಸಿಕೊಳ್ಳಲಿ?

ಬೆಳಗಿನನಡಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ಹತ್ತು ತಿಂಗಳಲ್ಲಿ ನಾನು ಆರೋಗ್ಯದ ಹೆಸರಿನಲ್ಲಿ ಒಂದಾದ ಮೇಲೊಂದು ಅಭ್ಯಾಸವನ್ನು ಸೇರಿಸಿಕೊಳ್ಳುತ್ತ ಹೋಗಿ, ಈಗ ಅವುಗಳ ಲೆಕ್ಕ ಇಟ್ಟುಕೊಳ್ಳುವುದೇ ಒಂದು ಕೆಲಸವಾಗಿದೆ. ಬೆಳಿಗ್ಗೆ ಎದ್ದೊಡನೆ ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಸೇಬಿನ ವಿನೆಗರ್ ಬೆರೆಸಿ ಕುಡಿಯುತ್ತೇನೆ. ದಿನದ ಹದಿನಾರು ಗಂಟೆ ಉಪವಾಸವಿದ್ದು ಉಳಿದ ಎಂಟು ಗಂಟೆಗಳೊಳಗೆ ಎರಡು ಊಟ ಮುಗಿಸುತ್ತೇನೆ. ಕೈಗಡಿಯಾರ ಹತ್ತು ಸಾವಿರ ಹೆಜ್ಜೆ ತೋರಿಸದ ಹೊರತು ಮಲಗುವುದಿಲ್ಲ; ರಾತ್ರಿ ಹನ್ನೊಂದಕ್ಕೆ ಮನೆಯೊಳಗೇ ಗಸ್ತು ತಿರುಗಿದ ದಿನಗಳೂ ಇವೆ. ಕೂದಲಿಗೆಂದು ದಿನಕ್ಕೆ 10 ಮಿಲಿಗ್ರಾಂ ಬಯೋಟಿನ್ ಗುಳಿಗೆ, ಚರ್ಮಕ್ಕೆಂದು ಕೊಲಾಜೆನ್ ಪುಡಿ, ತಿಂಗಳಿಗೊಮ್ಮೆ ಮೂರು ದಿನ ಬರೀ ರಸ ಕುಡಿಯುವ 'ಡಿಟಾಕ್ಸ್' ಬೇರೆ.

ನನಗೆ 47 ವರ್ಷ. ಈ ಅವಧಿಯಲ್ಲಿ ತೂಕ ಆರು ಕಿಲೊ ಇಳಿದಿದೆ, ಮಧ್ಯಾಹ್ನದ ತೂಕಡಿಕೆ ಹೋಗಿದೆ, ನಿದ್ರೆಯೂ ಮೊದಲಿಗಿಂತ ಚೆನ್ನಾಗಿದೆ. ಆದ್ದರಿಂದ 'ಇದೆಲ್ಲ ಸುಳ್ಳು' ಎನ್ನುವವರ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ಆದರೆ ಇಷ್ಟನ್ನೂ ಜೀವನಪರ್ಯಂತ ಮಾಡಿಕೊಂಡು ಹೋಗಲು ಸಮಯವೂ ಇಲ್ಲ, ಹಣವೂ ಇಲ್ಲ. ಇವುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡಿತು, ಯಾವುದು ಬರೀ ಜೊತೆಗೆ ನಡೆದು ಬಂತು ಎಂಬುದನ್ನು ತಿಳಿಯುವ ಬಗೆ ಇದೆಯೇ?

ಇನ್ನೊಂದು ವಿಷಯ, ಇದಕ್ಕೆ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ. ಕಳೆದ ವಾರ ಮಾಡಿಸಿದ ವಾಡಿಕೆಯ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ತೀರ ಕಡಿಮೆಯೂ ಟಿ4 (ಆ ಗ್ರಂಥಿಯೇ ಸ್ರವಿಸುವ ಹಾರ್ಮೋನು) ಮಿತಿಗಿಂತ ಹೆಚ್ಚೂ ಬಂದಿದ್ದು, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರಬಹುದೆಂದು ವೈದ್ಯರು ಸಂಶಯಪಟ್ಟು ಮುಂದಿನ ಪರೀಕ್ಷೆಗಳಿಗೆ ಬರೆದುಕೊಟ್ಟಿದ್ದಾರೆ. ನನಗೆ ಎದೆಬಡಿತವಾಗಲಿ ಕೈನಡುಕವಾಗಲಿ ಇಲ್ಲ. ಇಲ್ಲಿ ಯಾರೂ ರೋಗನಿರ್ಣಯ ಮಾಡಬೇಕೆಂದು ಕೇಳುತ್ತಿಲ್ಲ. ಉಪವಾಸದಿಂದ ಹೀಗಾಗಬಹುದೇ ಎಂಬ ಕುತೂಹಲ ಮಾತ್ರ.

ರಕ್ತಪರೀಕ್ಷಕ

ಉಳಿದ ಚರ್ಚೆಯನ್ನು ಬೇರೆಯವರು ಮಾಡಲಿ. ನಿಮ್ಮ ಕೊನೆಯ ಪ್ಯಾರಾ ಓದಿದ ಕೂಡಲೇ ಬರೆಯುತ್ತಿದ್ದೇನೆ, ಏಕೆಂದರೆ ಇದು ಕಾಯುವ ವಿಷಯವಲ್ಲ. ಉಪವಾಸವನ್ನು ಬಿಟ್ಟು ಮೊದಲು ಆ ಬಯೋಟಿನ್ ಗುಳಿಗೆಯ ಕಡೆ ನೋಡಿ. ನೀವು ಅದನ್ನು ಸೇವಿಸುತ್ತಿರುವುದು ವೈದ್ಯರಿಗೂ ಪ್ರಯೋಗಾಲಯದವರಿಗೂ ತಿಳಿದಿದೆಯೇ?

ಬಯೋಟಿನ್ ಎಂಬ ಜೀವಸತ್ವವೂ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನೂ ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆಂದರೆ, ಹಾರ್ಮೋನು ಅಳೆಯುವ ಅನೇಕ ಕಿಟ್‌ಗಳಲ್ಲಿ ಈ ಜೋಡಿಯನ್ನೇ ಅಂಟಿನಂತೆ ಬಳಸುತ್ತಾರೆ. ರಕ್ತದಲ್ಲಿ ಈಗಾಗಲೇ ಹೊರಗಿನ ಬಯೋಟಿನ್ ತುಂಬಿಕೊಂಡಿದ್ದರೆ ಅದೇ ಮೊದಲು ಹೋಗಿ ಸ್ಟ್ರೆಪ್ಟಾವಿಡಿನ್ನಿನ ಜಾಗಗಳನ್ನು ಹಿಡಿದು ಕೂರುತ್ತದೆ. ಅಳೆಯಬೇಕಾದ ಅಣುಗಳ ಗುಂಪು ಅಂಟಿಕೊಳ್ಳಲು ಜಾಗವಿಲ್ಲದೆ ತೊಳೆದುಹೋಗುತ್ತದೆ. ಆಗ ಯಂತ್ರ ಓದುವ ಸಂಕೇತ ಕುಗ್ಗುತ್ತದೆ. ಟಿಎಸ್‌ಎಚ್ ಅಳೆಯುವ ವಿಧಾನದಲ್ಲಿ ಸಂಕೇತ ಕುಗ್ಗಿದರೆ ಫಲಿತಾಂಶವೂ ಕುಗ್ಗುತ್ತದೆ. ಟಿ4 ಅಳೆಯುವ ವಿಧಾನದಲ್ಲಿ ಲೆಕ್ಕ ತಿರುಗುಮುರುಗಾಗಿದ್ದು, ಅಲ್ಲಿ ಸಂಕೇತ ಕುಗ್ಗಿದರೆ ಫಲಿತಾಂಶ ಏರುತ್ತದೆ. ಹೀಗೆ ಆರೋಗ್ಯವಂತನ ವರದಿಯೂ ಥೈರಾಯ್ಡ್ ಅತಿಕ್ರಿಯೆಯ ರೋಗಿಯ ವರದಿಯ ಪಡಿಯಚ್ಚಿನಂತೆ ಕಾಣುತ್ತದೆ.

ವಯಸ್ಕರೊಬ್ಬರಿಗೆ ದಿನಕ್ಕೆ ಸಾಕಾಗುವ ಬಯೋಟಿನ್ ಸುಮಾರು 30 ಮೈಕ್ರೊಗ್ರಾಂ. ನಿಮ್ಮ ಗುಳಿಗೆಯಲ್ಲಿರುವುದು 10,000 ಮೈಕ್ರೊಗ್ರಾಂ, ಅಂದರೆ ಮುನ್ನೂರು ಪಟ್ಟಿಗಿಂತ ಹೆಚ್ಚು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅದರ ಮುಖ್ಯ ಕಳವಳವಿದ್ದದ್ದು ಥೈರಾಯ್ಡ್ ಬಗ್ಗೆ ಅಲ್ಲ, ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೊನಿನ್ ಪರೀಕ್ಷೆಯ ಬಗ್ಗೆ. ಎದೆನೋವೆಂದು ಬಂದವರ ಟ್ರೋಪೊನಿನ್ ಸುಳ್ಳಾಗಿ ಕಡಿಮೆ ಕಂಡರೆ ಪರಿಣಾಮವೇನು ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ವೈದ್ಯರಿಗೆ ತಿಳಿಸಿ, ಗುಳಿಗೆ ನಿಲ್ಲಿಸಿ, ಪರೀಕ್ಷೆಯನ್ನು ಮತ್ತೆ ಮಾಡಿಸಿ. ಕನಿಷ್ಠ ಎರಡು ದಿನ ನಿಲ್ಲಿಸಬೇಕೆಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಸಲಹೆ ಕೊಡುತ್ತದೆ. ನಿಮ್ಮ ಪ್ರಮಾಣ ದೊಡ್ಡದಾದ್ದರಿಂದ ಒಂದು ವಾರ ಬಿಟ್ಟರೆ ಇನ್ನೂ ಒಳ್ಳೆಯದು. ಕಾರಣ ಇದೇ ಎಂದು ನಾನು ಹೇಳುತ್ತಿಲ್ಲ, ನಿಜವಾಗಿಯೂ ಥೈರಾಯ್ಡ್ ತೊಂದರೆಯೇ ಇರಬಹುದು. ಆದರೆ ಗುಳಿಗೆ ಬಿಡದೆ ಮಾಡಿಸಿದ ಎರಡನೆಯ ಪರೀಕ್ಷೆಯೂ ಮೊದಲನೆಯದರಷ್ಟೇ ಅನುಮಾನಾಸ್ಪದವಾಗಿರುತ್ತದೆ. ಇಷ್ಟಕ್ಕೂ ಬಯೋಟಿನ್ ಕೊರತೆ ಇಲ್ಲದವರ ಕೂದಲಿಗೆ ಈ ಗುಳಿಗೆಯಿಂದ ಲಾಭವಿದೆ ಎನ್ನಲು ಗಟ್ಟಿ ಆಧಾರವೇ ಇಲ್ಲ, ಮತ್ತು ಸಾಮಾನ್ಯವಾಗಿ ಊಟ ಮಾಡುವವರಲ್ಲಿ ಆ ಕೊರತೆ ಅಪರೂಪ.

ತಕ್ಕಡಿ

ನಾನು ಜೀವನೋಪಾಯಕ್ಕೆ ವೈದ್ಯಕೀಯ ಪ್ರಯೋಗಗಳ ಅಂಕಿಅಂಶ ನೋಡುವವನು, ವೈದ್ಯನಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹಿಡಿಸಿದ್ದು 'ಬರೀ ಜೊತೆಗೆ ನಡೆದು ಬಂತು' ಎಂಬ ಮಾತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ನಿಮ್ಮ ಕೊಂಬೆಯ ಮೇಲೆ ಒಟ್ಟಿಗೆ ಆರು ಕಾಗೆಗಳು ಕೂತಿವೆ. ಕೊಂಬೆ ಮುರಿದದ್ದು ನಿಜ. ತೂಕ ಇಳಿದಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಯಾವ ಕಾಗೆಯ ಭಾರಕ್ಕೆ ಎಂಬುದಷ್ಟೇ ಪ್ರಶ್ನೆ.

'ಇದು ಕೆಲಸ ಮಾಡುತ್ತದೆಯೇ' ಎಂದು ಕೇಳಿದಾಗಲೆಲ್ಲ ಅದರ ಹಿಂದೆ 'ಯಾವುದಕ್ಕೆ ಹೋಲಿಸಿದರೆ' ಎಂಬ ಇನ್ನೊಂದು ಪ್ರಶ್ನೆ ಅಡಗಿರುತ್ತದೆ, ಮತ್ತು ಜಾಹೀರಾತುಗಳು ಬದುಕುವುದೇ ಆ ಎರಡನೆಯ ಪ್ರಶ್ನೆಯನ್ನು ನುಂಗಿಹಾಕುವುದರಿಂದ. ಉಪವಾಸವನ್ನೇ ತೆಗೆದುಕೊಳ್ಳಿ. ಏನೂ ಮಾಡದೆ ಮನಬಂದಂತೆ ತಿನ್ನುತ್ತಿದ್ದವರು ಹದಿನಾರು ಗಂಟೆ ಬಾಯಿ ಕಟ್ಟಿದರೆ ತೂಕ ಇಳಿಯಬಹುದು, ಏಕೆಂದರೆ ರಾತ್ರಿಯ ಕುರುಕಲಿನ ಬಾಗಿಲು ಮುಚ್ಚಿಹೋಗುತ್ತದೆ. ಆದರೆ ಅಷ್ಟೇ ಕ್ಯಾಲೊರಿಯನ್ನು ದಿನವಿಡೀ ಹರಡಿಕೊಂಡು ತಿಂದವರಿಗಿಂತ ಇವರಿಗೆ ಹೆಚ್ಚು ಲಾಭವಾಯಿತೇ? ಚೀನಾದ ಗ್ವಾಂಗ್‌ಝೌನಲ್ಲಿ ಬೊಜ್ಜಿರುವ 139 ಜನರ ಮೇಲೆ ಹನ್ನೆರಡು ತಿಂಗಳು ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನೇ ನೋಡಿದರು. ಎರಡೂ ಗುಂಪಿನವರಿಗೆ ಕ್ಯಾಲೊರಿ ಕಡಿತ ಒಂದೇ. ಒಂದು ಗುಂಪಿನವರು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ತಿನ್ನಬೇಕಿತ್ತು. ವರ್ಷದ ಕೊನೆಗೆ ಅವರ ತೂಕ ಸರಾಸರಿ 8.0 ಕಿಲೊ ಇಳಿದಿತ್ತು, ಗಡಿಯಾರ ನೋಡದೆ ತಿಂದವರದು 6.3 ಕಿಲೊ, ಮತ್ತು ಆ ಅಂತರ ಆಕಸ್ಮಿಕವೆನ್ನಬಹುದಾದಷ್ಟು ಚಿಕ್ಕದಾಗಿತ್ತು. ಅದಕ್ಕೂ ಎರಡು ವರ್ಷ ಮೊದಲು, 116 ಜನರಿಗೆ ಕ್ಯಾಲೊರಿಯ ಲೆಕ್ಕ ಹೇಳದೆ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ತಿನ್ನಿ ಅಥವಾ ದಿನಕ್ಕೆ ಮೂರು ಊಟ ಮಾಡಿ ಎಂದಷ್ಟೇ ಹೇಳಿದ ಹನ್ನೆರಡು ವಾರಗಳ ಪ್ರಯೋಗದಲ್ಲಿ ಉಪವಾಸದ ಗುಂಪು ಕಳೆದುಕೊಂಡದ್ದು ಒಂದು ಕಿಲೊಗೂ ಕಡಿಮೆ. ಇದರಿಂದ ನಾನು ತಿಳಿದುಕೊಂಡಿರುವುದು ಇಷ್ಟು: ಉಪವಾಸದ ಗಂಟೆಗಳಲ್ಲಿ ಮಾಂತ್ರಿಕ ಶಕ್ತಿಯೇನೂ ಇಲ್ಲ, ಆದರೆ ಕಡಿಮೆ ತಿನ್ನುವುದಕ್ಕೆ ಅದೊಂದು ಸರಳ ನಿಯಮ, ಮತ್ತು ಕ್ಯಾಲೊರಿ ಎಣಿಸಲು ಬೇಸರಪಡುವ ಕೆಲವರಿಗೆ ಸರಳ ನಿಯಮವೇ ಪಾಲಿಸಲು ಸುಲಭ. ನಿಮಗೆ ಹಾಗಿದ್ದರೆ ಉಳಿಸಿಕೊಳ್ಳಿ. ಮಧುಮೇಹಕ್ಕೆ ಇನ್ಸುಲಿನ್ ಮುಂತಾದ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಿಂದೆ ಆಹಾರಸೇವನೆಯ ಮಾನಸಿಕ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ವಿನೆಗರಿನ ಕಥೆ ಇನ್ನೂ ಸ್ವಾರಸ್ಯಕರ. ಅದರಲ್ಲಿರುವ ಅಸಿಟಿಕ್ ಆಮ್ಲ ಜಠರ ಖಾಲಿಯಾಗುವ ವೇಗವನ್ನು ತುಸು ತಗ್ಗಿಸಿ, ಊಟದ ನಂತರ ಏರುವ ಸಕ್ಕರೆಯ ಅಲೆಯನ್ನು ಸ್ವಲ್ಪ ಚಪ್ಪಟೆ ಮಾಡುವುದುಂಟು. ಹಾಗಾಗಿ ಇದು ಪೂರ್ತಿ ಕಟ್ಟುಕಥೆಯಲ್ಲ. ಜಪಾನಿನಲ್ಲಿ ವಿನೆಗರ್ ತಯಾರಿಸುವ ಕಂಪನಿಯೊಂದರ ಸಂಶೋಧಕರೇ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ 15 ಅಥವಾ 30 ಮಿಲಿಲೀಟರ್ ಕುಡಿದವರ ತೂಕ ಹನ್ನೆರಡು ವಾರಗಳಲ್ಲಿ ಒಂದರಿಂದ ಎರಡು ಕಿಲೊ ಇಳಿಯಿತು. ಮಾರುವವರು ಬಯಸಿದ ಫಲಿತಾಂಶವೇ ಇಷ್ಟು ಸಾಧಾರಣವಾಗಿದೆ ಎಂಬುದನ್ನು ಗಮನಿಸಿ. ಬಳಿಕ 2024ರಲ್ಲಿ ಲೆಬನಾನಿನ 120 ಯುವಜನರ ಮೇಲಿನ ಪ್ರಯೋಗವೊಂದು ಅಷ್ಟೇ ಅವಧಿಯಲ್ಲಿ ಆರೇಳು ಕಿಲೊ ಇಳಿಕೆಯಾಯಿತೆಂದು ವರದಿ ಮಾಡಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಹೊತ್ತು ಮೆರೆದವು. ಅಂಕಿಅಂಶ ಬಲ್ಲವರು ಅದರ ದತ್ತಾಂಶವನ್ನು ಪ್ರಶ್ನಿಸಿದರು, ಮತ್ತು 2025ರ ಸೆಪ್ಟೆಂಬರಿನಲ್ಲಿ ಅದನ್ನು ಪ್ರಕಟಿಸಿದ್ದ ನಿಯತಕಾಲಿಕವೇ ಲೇಖನವನ್ನು ಹಿಂತೆಗೆದುಕೊಂಡಿತು. ಮೆರವಣಿಗೆಗೆ ಬಂದ ಜನ ಈ ಹಿಂತೆಗೆತದ ಸುದ್ದಿಗೆ ಬರಲಿಲ್ಲ. ಆರು ಕಿಲೊದ ಸುದ್ದಿ ಈಗಲೂ ಹರಿದಾಡುತ್ತಿದೆ. ಬರಿ ವಿನೆಗರ್ ಹಲ್ಲಿನ ಎನಾಮೆಲನ್ನು ಸವೆಸುತ್ತದೆ, ಆದ್ದರಿಂದ ಬಿಡಲು ಮನಸ್ಸಿಲ್ಲದಿದ್ದರೂ ಚೆನ್ನಾಗಿ ನೀರು ಬೆರೆಸದೆ ಕುಡಿಯಬೇಡಿ, ಕುಡಿದ ಕೂಡಲೇ ಹಲ್ಲುಜ್ಜಬೇಡಿ.

ಹತ್ತು ಸಾವಿರ ಹೆಜ್ಜೆ ಎಂಬ ಅಂಕಿ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆಮಾಪಕದ ಹೆಸರು 'ಮಾನ್‌ಪೊಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಂಕಿ ದುಂಡಗಿತ್ತು, ನೆನಪಿನಲ್ಲಿ ಉಳಿಯಿತು. ಆದರೆ ಇಲ್ಲೊಂದು ತಮಾಷೆಯಿದೆ: ನಿಮ್ಮ ಪಟ್ಟಿಯಲ್ಲಿ ಅತ್ಯಂತ ಗಟ್ಟಿ ಆಧಾರವಿರುವುದು ಇದಕ್ಕೇ. ಸರಾಸರಿ 72 ವರ್ಷದ 16,741 ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ 41 ಶೇಕಡಾ ಕಡಿಮೆಯಿತ್ತು, ಮತ್ತು ಆ ಲಾಭ ಸುಮಾರು 7,500ರ ಹೊತ್ತಿಗೆ ಸಮತಟ್ಟಾಯಿತು. ಹೆಚ್ಚು ಆರೋಗ್ಯವಿರುವವರೇ ಹೆಚ್ಚು ನಡೆಯುತ್ತಾರೆ ಎಂಬ ತೊಡಕು ಇಂಥ ಅಧ್ಯಯನಗಳಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ಆದರೂ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಏಳು ಸಾವಿರದ ಆಸುಪಾಸಿನಲ್ಲೇ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ. ರಾತ್ರಿ ಹನ್ನೊಂದರ ಗಸ್ತನ್ನು ನೀವು ನಿಶ್ಚಿಂತೆಯಿಂದ ನಿಲ್ಲಿಸಬಹುದು.

ಕೊಲಾಜೆನ್ ಬಗ್ಗೆ ಎರಡೇ ಮಾತು. ಅದು ಪ್ರೋಟೀನ್, ಹೊಟ್ಟೆಗೆ ಹೋದ ಮೇಲೆ ಅಮೈನೊ ಆಮ್ಲಗಳಾಗಿಯೂ ಸಣ್ಣ ಪೆಪ್ಟೈಡ್‌ಗಳಾಗಿಯೂ ಒಡೆಯುತ್ತದೆ, ನೇರವಾಗಿ ಕೆನ್ನೆಗೆ ಹೋಗಿ ಕೂರುವುದಿಲ್ಲ. ಚರ್ಮಕ್ಕೆ ಲಾಭವಾಯಿತೆನ್ನುವ ಪ್ರಯೋಗಗಳು ಇಲ್ಲದೆ ಇಲ್ಲ, ಆದರೆ 23 ಪ್ರಯೋಗಗಳನ್ನು ಒಟ್ಟುಗೂಡಿಸಿದ 2025ರ ವಿಶ್ಲೇಷಣೆಯೊಂದು ಅವನ್ನು ಹಣ ಕೊಟ್ಟವರ ಪ್ರಕಾರ ಬೇರ್ಪಡಿಸಿ ನೋಡಿದಾಗ, ಕಂಪನಿಗಳ ಹಣವಿಲ್ಲದ ಪ್ರಯೋಗಗಳಲ್ಲಿ ಆ ಲಾಭ ಕಾಣಲಿಲ್ಲ.

ತಣ್ಣೀರು

ತಕ್ಕಡಿಯವರ ಬರಹ ಚೆನ್ನಾಗಿದೆ, ಆದರೆ ಇದರಲ್ಲಿ ಒಂದು ಬಗೆಯ ಅಹಂಕಾರವೂ ಇದೆ ಎಂದು ವಿನಯದಿಂದಲೇ ಹೇಳಬಯಸುತ್ತೇನೆ. ಪ್ರಶ್ನೆ ಕೇಳಿದವರಿಗೆ ಮಧ್ಯಾಹ್ನದ ತೂಕಡಿಕೆ ಹೋಗಿದೆ, ನಿದ್ರೆ ಬರುತ್ತಿದೆ. ಅದನ್ನು ಅನುಭವಿಸುತ್ತಿರುವವರು ಅವರೇ ಹೊರತು ಅಂಕಿಅಂಶದ ಕೋಷ್ಟಕವಲ್ಲ. ನಾನು ಮೂರು ವರ್ಷಗಳಿಂದ ದಿನವೂ ತಣ್ಣೀರಿನ ಸ್ನಾನ ಮಾಡುತ್ತಿದ್ದೇನೆ. ಮೊದಲು ಬೆಳಿಗ್ಗೆ ಏಳುವುದೇ ಒಂದು ಯಾತನೆಯಾಗಿತ್ತು, ಈಗ ಆ ಒಂದು ನಿಮಿಷ ಕಳೆದರೆ ಇಡೀ ದಿನ ನನ್ನದು. ನೆದರ್ಲ್ಯಾಂಡ್ಸ್‌ನಲ್ಲಿ 3,018 ಜನರನ್ನು ಯಾದೃಚ್ಛಿಕವಾಗಿ ಹಂಚಿ ನಡೆಸಿದ 2016ರ ಪ್ರಯೋಗವೇ ಇದೆ: ಬಿಸಿನೀರಿನ ಸ್ನಾನದ ಕೊನೆಗೆ 30ರಿಂದ 90 ಸೆಕೆಂಡು ತಣ್ಣೀರು ಬಿಟ್ಟುಕೊಂಡವರಲ್ಲಿ ಅನಾರೋಗ್ಯದಿಂದ ಕೆಲಸಕ್ಕೆ ರಜೆ ಹಾಕುವುದು 29 ಶೇಕಡಾ ಕಡಿಮೆಯಾಯಿತು. ಇದು ತಕ್ಕಡಿಯವರು ಕೇಳುವ ಬಗೆಯ ಪುರಾವೆಯೇ ತಾನೇ?

ಇನ್ನೂ ಒಂದು ಮಾತು. ಹುಸಿಗುಳಿಗೆಯಿಂದ ಆಗುವ ಲಾಭವೂ ಲಾಭವೇ. ಕರುಳಿನ ಕಿರಿಕಿರಿಯ ತೊಂದರೆಯಿದ್ದ 80 ಜನರ ಮೇಲಿನ 2010ರ ಪ್ರಯೋಗದಲ್ಲಿ, 'ಇದರಲ್ಲಿ ಔಷಧವಿಲ್ಲ' ಎಂದು ಬಾಯಿಬಿಟ್ಟು ಹೇಳಿಯೇ ಗುಳಿಗೆ ಕೊಟ್ಟರೂ 59 ಶೇಕಡಾ ಜನರಿಗೆ ಸಾಕಷ್ಟು ಉಪಶಮನವಾಯಿತು, ಏನೂ ಕೊಡದವರಲ್ಲಿ 35 ಶೇಕಡಾ. ಹೀಗಿರುವಾಗ, ಕೆಡುಕಿಲ್ಲದ ಒಂದು ಅಭ್ಯಾಸ ಮನುಷ್ಯನಿಗೆ ನೆಮ್ಮದಿ ಕೊಡುತ್ತಿದ್ದರೆ ಅದನ್ನು ಕಿತ್ತುಕೊಳ್ಳುವ ಆತುರವೇಕೆ?

ತಕ್ಕಡಿ

ಅಹಂಕಾರದ ಆರೋಪವನ್ನು ಒಪ್ಪಿಕೊಂಡೇ ಉತ್ತರಿಸುತ್ತೇನೆ, ನನ್ನ ವೃತ್ತಿಯವರಿಗೆ ಅದು ಹೊಸದಲ್ಲ.

ನೀವು ಹೇಳಿದ ನೆದರ್ಲ್ಯಾಂಡ್ಸ್ ಪ್ರಯೋಗ ಒಳ್ಳೆಯದೇ, ಆದರೆ ಅದರ ಎರಡನೆಯ ಸಾಲನ್ನೂ ಓದಬೇಕು. ರಜೆ ಹಾಕುವುದು ಕಡಿಮೆಯಾಯಿತು, ಕಾಯಿಲೆ ಬಿದ್ದ ದಿನಗಳ ಸಂಖ್ಯೆ ಕಡಿಮೆಯಾಗಲಿಲ್ಲ. ತಣ್ಣೀರು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ ಎಂಬ ಪ್ರಚಾರಕ್ಕೆ ಇದು ಆಧಾರವಾಗುವುದಿಲ್ಲ. ಕಾಯಿಲೆಯಿದ್ದರೂ ಎದ್ದು ಹೊರಡುವ ಹುಮ್ಮಸ್ಸು ಬಂದಿತೆಂದು ಬೇಕಾದರೆ ಹೇಳಬಹುದು, ಮತ್ತು ನಿಮ್ಮ ಅನುಭವವೂ ಅದೇ ಆಗಿದೆ. ಅಲ್ಲದೆ ತಣ್ಣೀರು ಹಾಕಿಕೊಳ್ಳುತ್ತಿರುವುದು ಪ್ರಯೋಗದಲ್ಲಿ ಭಾಗವಹಿಸಿದವರಿಗೆ ಗೊತ್ತಿದ್ದೇ ಇತ್ತು, ಆದ್ದರಿಂದ ಅವರ ನಂಬಿಕೆಯೂ ಫಲಿತಾಂಶದಲ್ಲಿ ಬೆರೆತಿರಬಹುದು; ಅದನ್ನು ಮುಚ್ಚಿಡುವ ಉಪಾಯ ಯಾರಿಗೂ ಹೊಳೆದಿಲ್ಲ! ಹಾಗೆಯೇ ವ್ಯಾಯಾಮಶಾಲೆಯವರು ಹೇಳುವ ಹಿಮದ ತೊಟ್ಟಿಯೂ ಇದೆ. ಸ್ನಾಯು ಬೆಳೆಸಲು ಭಾರ ಎತ್ತುವವರು ಪ್ರತಿ ವ್ಯಾಯಾಮದ ನಂತರ ಹತ್ತು ನಿಮಿಷ ತಣ್ಣೀರಿನಲ್ಲಿ ಕೂತಾಗ ಹನ್ನೆರಡು ವಾರಗಳ ಕೊನೆಗೆ ಅವರ ಸ್ನಾಯುವಿನ ಬೆಳವಣಿಗೆ ಉಳಿದವರಿಗಿಂತ ಕಡಿಮೆಯಾಗಿತ್ತೆಂದು 2015ರ ಒಂದು ಚಿಕ್ಕ ಪ್ರಯೋಗ ತೋರಿಸಿತು. ನೋವು ಶಮನಕ್ಕೆಂದು ಹೋಗಿ ಪಟ್ಟ ಶ್ರಮದ ಫಲವನ್ನೇ ತಣ್ಣಗಾಗಿಸಿಕೊಂಡಂತೆ. ಹೃದಯದ ತೊಂದರೆ ಇರುವವರು ಕೊರೆಯುವ ನೀರಿಗೆ ಒಮ್ಮೆಲೇ ಇಳಿಯುವುದು ಅಪಾಯ, ಮೊದಲ ನಿಮಿಷದ ಉಸಿರುಗಟ್ಟುವಿಕೆಯೂ ಎದೆಬಡಿತದ ಏರಿಕೆಯೂ ತಮಾಷೆಯಲ್ಲ.

ಹುಸಿಗುಳಿಗೆಯ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ, ಮತ್ತು ಆ ಅರ್ಧವನ್ನು ನಾನು ಗೌರವಿಸುತ್ತೇನೆ. ಉಳಿದರ್ಧಕ್ಕೆ ಆಸ್ತಮಾ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ದಿನಗಳಲ್ಲಿ ನಿಜವಾದ ಆಲ್ಬ್ಯುಟೆರಾಲ್ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ಸೋಗಿನ ಸೂಜಿಚಿಕಿತ್ಸೆ ಕೊಟ್ಟರು, ಕೆಲವು ದಿನ ಏನನ್ನೂ ಕೊಡಲಿಲ್ಲ. ಹೇಗನಿಸುತ್ತಿದೆ ಎಂದು ಕೇಳಿದಾಗ ಮೊದಲ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಉತ್ತರ, ಚೆನ್ನಾಗಿದೆ ಎಂದು. ಆದರೆ ಒಂದು ಸೆಕೆಂಡಿನಲ್ಲಿ ಹೊರಹಾಕಬಲ್ಲ ಉಸಿರನ್ನು ಅಳೆದಾಗ, ನಿಜವಾದ ಔಷಧ 20 ಶೇಕಡಾ ಸುಧಾರಣೆ ತಂದಿತ್ತು, ಉಳಿದ ಮೂರೂ ಸುಮಾರು 7 ಶೇಕಡಾ. ಅಂದರೆ ಸೋಗಿನ ಚಿಕಿತ್ಸೆಯೂ ಏನನ್ನೂ ಕೊಡದಿರುವುದೂ ಶ್ವಾಸಕೋಶದ ಲೆಕ್ಕದಲ್ಲಿ ಒಂದೇ. ತೂಕಡಿಕೆ, ಉಲ್ಲಾಸ, ನೋವು ಇಂಥವುಗಳಲ್ಲಿ ಅನಿಸಿಕೆಯೇ ಫಲವಾದ್ದರಿಂದ ಅಲ್ಲಿ ನಿಮ್ಮೊಡನೆ ಜಗಳವಿಲ್ಲ. ಶ್ವಾಸನಾಳ, ರಕ್ತದೊತ್ತಡ, ಸಕ್ಕರೆ ಇವು ಅನಿಸಿಕೆಗೆ ತಲೆಬಾಗುವುದಿಲ್ಲ, ಮತ್ತು ಚೆನ್ನಾಗಿದೆ ಎನಿಸಿದ ಕಾರಣಕ್ಕೆ ಇನ್‌ಹೇಲರನ್ನು ಬದಿಗಿಟ್ಟವರ ಉಸಿರು ಕಟ್ಟಿಯೇ ಇರುತ್ತದೆ.

ಇದರ ಜೊತೆಗೆ ಕಾಲದ ಕೈವಾಡವೂ ಸೇರಿಕೊಳ್ಳುತ್ತದೆ. ಮನುಷ್ಯ ಹೊಸ ಚಿಕಿತ್ಸೆಯನ್ನು ಹುಡುಕಿಕೊಂಡು ಹೋಗುವುದು ತೊಂದರೆ ತಾರಕಕ್ಕೇರಿದಾಗ, ಮತ್ತು ಏರಿಳಿಯುವ ತೊಂದರೆ ತಾರಕದಿಂದ ತಾನಾಗಿಯೇ ಇಳಿಯುತ್ತದೆ. ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತೇವೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ಇದನ್ನು ವಿವರಿಸಿದರು, ಆದರೆ ಬೆನ್ನುನೋವಿಗೂ ಕೂದಲು ಉದುರುವುದಕ್ಕೂ ಅದು ಅಷ್ಟೇ ಅನ್ವಯಿಸುತ್ತದೆ. ಇಳಿಯುವ ದಿನ ಕೈಯಲ್ಲಿ ಯಾವ ಸೀಸೆ ಇರುತ್ತದೋ ಅದಕ್ಕೆ ಕೀರ್ತಿ.

ಗುಳಿಗೆ ಎಣಿಸುವವರು

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ನಿಂತ ಅನುಭವದಿಂದ ಡಿಟಾಕ್ಸ್ ಬಗ್ಗೆ ಬರೆಯುತ್ತೇನೆ, ಅದನ್ನು ಯಾರೂ ಮುಟ್ಟಿಲ್ಲ.

ವಿಷಶಾಸ್ತ್ರದಲ್ಲಿ ವಿಷಕ್ಕೆ ಹೆಸರಿರುತ್ತದೆ: ಸೀಸ, ಮೆಥನಾಲ್, ಪ್ಯಾರಸಿಟಮಾಲ್. ಹೆಸರಿದ್ದರೆ ಅಳೆಯಬಹುದು, ಅಳೆದರೆ ಚಿಕಿತ್ಸೆಯ ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು ಎಂದು ಹೇಳಬಹುದು. ರಸದ ಸೀಸೆ ಮಾರುವವರನ್ನು ಯಾವ ವಿಷ ಹೊರಹೋಗುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಬ್ರಿಟನ್ನಿನ ಸೆನ್ಸ್ ಅಬೌಟ್ ಸೈನ್ಸ್ ಸಂಸ್ಥೆಯೊಡನೆ ಕೆಲಸ ಮಾಡುತ್ತಿದ್ದ ಯುವ ವಿಜ್ಞಾನಿಗಳು 2009ರಲ್ಲಿ ಇಂಥ 15 ಉತ್ಪನ್ನಗಳ ತಯಾರಕರನ್ನು ಇದೇ ಪ್ರಶ್ನೆಯೊಂದಿಗೆ ಬೆನ್ನಟ್ಟಿದಾಗ, ಡಿಟಾಕ್ಸ್ ಎಂದರೇನು ಎಂಬುದಕ್ಕೆ ಇಬ್ಬರು ಒಂದೇ ವ್ಯಾಖ್ಯೆ ಕೊಡಲಿಲ್ಲ. ಇತ್ತ ನಿಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಹೆಚ್ಚಿನದನ್ನು ಮತ್ತೆ ರಕ್ತಕ್ಕೇ ಹಿಂದಿರುಗಿಸುತ್ತವೆ. ಯಕೃತ್ತು ಅಮೋನಿಯಾವನ್ನು ಯೂರಿಯಾ ಆಗಿ ಮಾರ್ಪಡಿಸುತ್ತ ಕೂತಿರುತ್ತದೆ. ಮೂರು ದಿನದ ರಸಾಹಾರದಲ್ಲಿ ಇಳಿಯುವ ತೂಕದ ಬಹುಪಾಲು ಗ್ಲೈಕೊಜನ್ (ದೇಹ ಕೂಡಿಟ್ಟುಕೊಂಡ ಸಕ್ಕರೆ) ಮತ್ತು ಅದರ ಜೊತೆ ಹಿಡಿದಿಟ್ಟ ನೀರು, ಊಟ ಶುರುವಾದೊಡನೆ ಅದು ಮರಳಿ ಬರುತ್ತದೆ.

ಪಾದಗಳ ಮೂಲಕ ವಿಷ ಎಳೆಯುವ ವಿದ್ಯುತ್ ತೊಟ್ಟಿಯನ್ನು ನೀವು ಬಳಸಿಲ್ಲ, ಒಳ್ಳೆಯದು. ನೀರು ಕಂದುಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ಕಂಡೆ ಎಂದು ಬಹಳ ಜನ ನನ್ನೊಡನೆ ವಾದಿಸಿದ್ದಾರೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದರೆ ಲೋಹದ ಕಡ್ಡಿ ತುಕ್ಕು ಬಿಡುತ್ತದೆ, ಕಾಲಿಡದೆ ಹಾಗೇ ಬಿಟ್ಟರೂ ನೀರು ಅದೇ ಬಣ್ಣಕ್ಕೆ ಬರುತ್ತದೆ. ಕ್ಷಾರೀಯ ನೀರಿನದೂ ಇಂಥದ್ದೇ ಕಥೆ: ಜಠರದ ಆಮ್ಲ ಅದನ್ನು ಕೂಡಲೇ ತಟಸ್ಥಗೊಳಿಸುತ್ತದೆ, ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಅನ್ನು 7.35ರಿಂದ 7.45ರೊಳಗೆ ಕಾಯುವುದು ಶ್ವಾಸಕೋಶ ಮತ್ತು ಮೂತ್ರಪಿಂಡಗಳ ಕೆಲಸ, ಕುಡಿಯುವ ನೀರಿನದಲ್ಲ.

ನನಗೆ ನಿಜವಾಗಿ ಭಯವಿರುವುದು ಇದ್ದಿಲಿನ ಬಗ್ಗೆ. ಸಕ್ರಿಯ ಇದ್ದಿಲು ಆಸ್ಪತ್ರೆಯಲ್ಲಿ ನಿಜವಾದ ಔಷಧ. ಕೆಲವು ವಿಷಗಳನ್ನು ನುಂಗಿದವರಿಗೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೊಟ್ಟರೆ ಅದು ಹೊಟ್ಟೆಯಲ್ಲೇ ವಿಷವನ್ನು ಹಿಡಿದಿಡುತ್ತದೆ. ಆದರೆ ಅದಕ್ಕೆ ವಿಷ ಯಾವುದು, ಔಷಧ ಯಾವುದು ಎಂಬ ವಿವೇಚನೆಯಿಲ್ಲ. ಹೊಟ್ಟೆ ಶುದ್ಧಿಗೆಂದು ಇದ್ದಿಲಿನ ಗುಳಿಗೆ ನುಂಗುವವರು ಅದೇ ಹೊತ್ತಿಗೆ ತೆಗೆದುಕೊಂಡ ಗರ್ಭನಿರೋಧಕವನ್ನೋ ಹೃದಯದ ಗುಳಿಗೆಯನ್ನೋ ಅದು ನುಂಗಿಹಾಕಬಹುದು. 'ನೈಸರ್ಗಿಕ, ಆದ್ದರಿಂದ ಕೆಡುಕಿಲ್ಲ' ಎಂಬ ಮಾತನ್ನು ತಣ್ಣೀರು ಅವರು ನೀರಿಗೆ ಮಾತ್ರ ಸೀಮಿತಗೊಳಿಸಿದರೆ ಒಪ್ಪುತ್ತೇನೆ. ಗ್ರೀನ್ ಟೀ ಕುಡಿಯುವುದು ಬೇರೆ, ಅದರ ಸಾರವನ್ನು ಗುಳಿಗೆಯಲ್ಲಿ ಗಟ್ಟಿಮಾಡಿ ನುಂಗುವುದು ಬೇರೆ: ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ (ಆ ಸಾರದಲ್ಲಿರುವ ಮುಖ್ಯ ರಾಸಾಯನಿಕ) ಮತ್ತು ಅದಕ್ಕಿಂತ ಹೆಚ್ಚಿನ ಪ್ರಮಾಣವು ಯಕೃತ್ತಿಗೆ ಹಾನಿಯ ಸೂಚನೆಗಳನ್ನು ತರಬಲ್ಲದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಫಿನ್ಲೆಂಡಿನ 29,133 ಧೂಮಪಾನಿ ಪುರುಷರ ಮೇಲಿನ ಪ್ರಯೋಗದಲ್ಲಿ, ಕ್ಯಾನ್ಸರ್ ತಡೆಯಬಹುದೆಂಬ ಒಳ್ಳೆಯ ನಂಬಿಕೆಯಿಂದ ಕೊಟ್ಟ ಬೀಟಾ ಕ್ಯಾರೊಟಿನ್ ಶ್ವಾಸಕೋಶದ ಕ್ಯಾನ್ಸರನ್ನು 18 ಶೇಕಡಾ ಹೆಚ್ಚಿಸಿತೆಂದು 1994ರಲ್ಲಿ ಗೊತ್ತಾದಾಗ, ತರಕಾರಿಯಲ್ಲಿರುವುದನ್ನೇ ಗುಳಿಗೆಯಲ್ಲಿ ಕೊಟ್ಟರೆ ತಪ್ಪೇನು ಎನ್ನುತ್ತಿದ್ದ ನಾವೆಲ್ಲ ಬಾಯಿ ಮುಚ್ಚಿಕೊಂಡೆವು.

ಬೆಳಗಿನನಡಿಗೆ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ರಕ್ತಪರೀಕ್ಷಕರ ಉತ್ತರವನ್ನು ವೈದ್ಯರಿಗೆ ಓದಿ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಗುಳಿಗೆಗಳ ಬಗ್ಗೆ ಕೇಳಿದ್ದೆನಲ್ಲ, ಆಗ ಏಕೆ ಹೇಳಲಿಲ್ಲ ಎಂದರು. ಅವರು ಔಷಧಗಳ ಬಗ್ಗೆ ಕೇಳಿದ್ದರು, ಬಯೋಟಿನ್ ಔಷಧವೆಂದು ನನಗೆ ಅನಿಸಿರಲೇ ಇಲ್ಲ. ಹತ್ತು ದಿನ ಬಿಟ್ಟು ಮಾಡಿಸಿದ ಪರೀಕ್ಷೆಯಲ್ಲಿ ಟಿಎಸ್‌ಎಚ್ ಮತ್ತು ಟಿ4 ಎರಡೂ ಮಿತಿಯೊಳಗೆ ಬಂದಿವೆ, ಮುಂದಿನ ಸ್ಕ್ಯಾನ್ ಬೇಡವೆಂದಿದ್ದಾರೆ.

ರಸ, ಕೊಲಾಜೆನ್, ಬಯೋಟಿನ್ ನಿಲ್ಲಿಸಿದ್ದೇನೆ. ಹೆಜ್ಜೆಯ ಗುರಿಯನ್ನು ಏಳು ಸಾವಿರಕ್ಕೆ ಇಳಿಸಿದ್ದೇನೆ. ರಾತ್ರಿ ಎಂಟರ ನಂತರ ತಿನ್ನದಿರುವ ನಿಯಮವನ್ನು ಉಳಿಸಿಕೊಂಡು ಗಂಟೆ ಎಣಿಸುವುದನ್ನು ಬಿಟ್ಟಿದ್ದೇನೆ. ವಿನೆಗರಿನ ವಿಷಯದಲ್ಲಿ ತಕ್ಕಡಿಯವರಿಗೆ ಒಂದು ಪ್ರಶ್ನೆ: ನಾಲ್ಕು ವಾರ ಕುಡಿದು, ನಾಲ್ಕು ವಾರ ಬಿಟ್ಟು, ದಿನವೂ ಒಂದೇ ಹೊತ್ತಿಗೆ ತೂಕ ಬರೆದಿಟ್ಟರೆ ನನ್ನೊಬ್ಬನ ಮಟ್ಟಿಗಾದರೂ ಏನಾದರೂ ತಿಳಿಯುತ್ತದೆಯೇ?

ತಕ್ಕಡಿ

ಒಂದೇ ಸುತ್ತಿನಿಂದ ತಿಳಿಯುವುದು ಕಷ್ಟ, ಏಕೆಂದರೆ ದೇಹದ ತೂಕ ನೀರಿನ ಕಾರಣದಿಂದಲೇ ದಿನಕ್ಕೆ ಒಂದು ಕಿಲೊದಷ್ಟು ಏರಿಳಿಯಬಲ್ಲದು, ನೀವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ ದೊಡ್ಡದು. ಮೂರು ಸುತ್ತು ಮಾಡಿ, ಯಾವ ನಾಲ್ಕು ವಾರ ಕುಡಿಯುವುದು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ, ದಿನದ ತೂಕದ ಬದಲು ವಾರದ ಸರಾಸರಿಯನ್ನು ನೋಡಿ. ಎಷ್ಟು ಇಳಿದರೆ ಒಪ್ಪುತ್ತೀರಿ ಎಂಬುದನ್ನು ಶುರುಮಾಡುವ ಮೊದಲೇ ಕಾಗದದ ಮೇಲೆ ಬರೆದು ಮನೆಯವರ ಕೈಗೆ ಕೊಟ್ಟುಬಿಡಿ, ಇಲ್ಲದಿದ್ದರೆ ಬಂದ ಅಂಕಿಗೆ ತಕ್ಕಂತೆ ಮನಸ್ಸು ನಿಯಮವನ್ನೇ ತಿದ್ದಿಕೊಳ್ಳುತ್ತದೆ. ಇಪ್ಪತ್ತನಾಲ್ಕು ವಾರಗಳ ಕೆಲಸ. ಅಷ್ಟು ತಾಳ್ಮೆ ಇಲ್ಲದಿದ್ದರೆ ಸೀಸೆ ಖಾಲಿಯಾದ ಮೇಲೆ ಹೊಸದನ್ನು ತರದೆ ಇರುವುದೂ ಒಂದು ದಾರಿ.